ಇಂಗ್ಲಿಷ್ ಸಿಲಬಲ್ ಎಣಿಸಲು ನಮ್ಮ ಪ್ರಸ್ತಾರ

ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೇನೆ. ಸಿಲಬಲ್ ಎಣಿಸುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಒಂದು ಹೆಚ್ಚಾಗಿ ಬರೆಯುತ್ತಿದ್ದೆ. ಮೊನ್ನೆ ಕಾರಣ ಹೊಳೆಯಿತು, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಪದದಲ್ಲಿ ಎಷ್ಟು ಸ್ವರಗಳು ಕೇಳಿಸುತ್ತವೆಯೋ ಅಷ್ಟು ಸಿಲಬಲ್. ಇದು ಗೊತ್ತಿದ್ದೂ ನಾನು ಎಡವಿದ್ದು ಪದದ ಕೊನೆಯಲ್ಲಿ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಿಂದಲೇ ಮುಗಿಯುವುದರಿಂದ ಇಂಗ್ಲಿಷ್ ಪದಕ್ಕೂ ನಮ್ಮ ಬಾಯಿ ಒಂದು ಉಕಾರ ಅಂಟಿಸುತ್ತದೆ. 'ಬಸ್' ಒಂದೇ ಸಿಲಬಲ್, 'ಬಸ್ಸು' ಎಂದರೆ ಎರಡು. 'ಸ್ಕೂಲ್' ಒಂದೇ, 'ಇಸ್ಕೂಲು' ಎಂದರೆ ಮೂರು! ನಾನು ಎಣಿಸುತ್ತಿದ್ದದ್ದು ಮನೆಯ ಉಚ್ಚಾರಣೆಯನ್ನು.

ಇದಕ್ಕೆ ಮದ್ದು ಹೈಸ್ಕೂಲಿನ ಕನ್ನಡ ತರಗತಿಯಲ್ಲೇ ಇತ್ತು. ಕಂದಪದ್ಯಕ್ಕೆ, ಷಟ್ಪದಿಗೆ ಪ್ರಸ್ತಾರ ಹಾಕಿದ್ದು ನೆನಪಿದೆಯಲ್ಲವೇ? ಕೊನೆಯ ಅರೆ ಅಕ್ಷರಕ್ಕೆ ಬೇರೆ ಗುರುತು ಹಾಕುತ್ತಿರಲಿಲ್ಲ, ಅದು ಹಿಂದಿನ ಅಕ್ಷರಕ್ಕೆ ಸೇರಿ ಅದನ್ನು ಗುರುವಾಗಿಸುತ್ತಿತ್ತು. ಇಂಗ್ಲಿಷ್ ಪದವನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದು ಹಾಗೆಯೇ ಪ್ರಸ್ತಾರ ಹಾಕಿ. ಗುರುವೋ ಲಘುವೋ ಎಂಬ ಚಿಂತೆ ಬೇಡ, ಗುರುತುಗಳನ್ನು ಎಣಿಸಿದರೆ ಸಾಕು. ಕಂ-ಪ್ಯೂ-ಟರ್: 3. ಟೇ-ಬಲ್: 2. ಸ್ಟ್ರೀಟ್: 1. ಒತ್ತಕ್ಷರ ಎಷ್ಟೇ ಇರಲಿ, 'ಸ್ಟ್ರೀ'ಯಲ್ಲಿ ಸ್ವರ ಒಂದೇ. ನನಗೆ ಇದಕ್ಕಿಂತ ಭದ್ರವಾದ ದಾರಿ ಬೇರೆ ಸಿಕ್ಕಿಲ್ಲ.

ಕಾಗುಣಿತ ನೋಡಿ ಮಾತ್ರ ಎಣಿಸಬೇಡಿ. ಭೂತಕಾಲದ 'ಇಡಿ' ಸೇರಿದ ಕಡೆಯಲ್ಲೆಲ್ಲ ನಾನು ಒಂದು ಸಿಲಬಲ್ ಕೂಡಿಸುತ್ತಿದ್ದೆ. ಮೂಲ ಕ್ರಿಯಾಪದ 'ಟ್' ಅಥವಾ 'ಡ್' ಧ್ವನಿಯಲ್ಲಿ ಮುಗಿದರೆ ಮಾತ್ರ ಕೂಡಿಸಬೇಕು: ವಾಂ-ಟೆಡ್ 2, ನೀ-ಡೆಡ್ 2. ಟಕಾರದ ಬೆನ್ನಿಗೇ ಇನ್ನೊಂದು ಟಕಾರ ಹೇಳಲು ನಾಲಿಗೆಗೆ ಕಷ್ಟ, ನಡುವೆ ಸ್ವರ ಬೇಕು. 'ಕುಕ್'ಗೆ ಆ ತೊಡಕಿಲ್ಲ, ಹಾಗಾಗಿ ಅದು 'ಕುಕ್ಟ್', ಒಂದೇ. 'ಕುಕ್ಕೆಡ್' ಎಂದು ಓದಿದರೆ ಲೆಕ್ಕ ತಪ್ಪುತ್ತದೆ.

'ರಿದಮ್' ಬರೆಯುವುದು ಆರ್, ಎಚ್, ವೈ, ಟಿ, ಎಚ್, ಎಂ ಎಂದು. ಎ, ಇ, ಐ, ಓ, ಯು ಒಂದೂ ಇಲ್ಲ, ಆದರೂ 2 ಸಿಲಬಲ್.

ನಿಘಂಟಿನಲ್ಲಿ ಪದ ಹುಡುಕುವಾಗ ಮಾತ್ರ ಕಿವಿಯನ್ನು ನಂಬುವಂತಿಲ್ಲ. ಕನ್ನಡ ನಿಘಂಟಿನಲ್ಲಿ ಕೇಳಿದ ಮೊದಲ ಅಕ್ಷರವೇ ದಾರಿ ತೋರುತ್ತದೆ. ಇಂಗ್ಲಿಷಿನಲ್ಲಿ 'ನ್ಯುಮೋನಿಯಾ'ಕ್ಕಾಗಿ ಎನ್ ಪುಟಗಳನ್ನೆಲ್ಲ ಮಗುಚಿದೆ, ಅದು ಪಿಯಲ್ಲಿತ್ತು. ಈಗ ನಕಾರ ಕೇಳಿದರೆ ಎನ್, ಆಮೇಲೆ ಕೆಎನ್ (ನೈಫ್), ಜಿಎನ್, ಪಿಎನ್ ನೋಡುತ್ತೇನೆ. ರಕಾರಕ್ಕೆ ಆರ್, ಆಮೇಲೆ ಡಬ್ಲ್ಯೂಆರ್ (ರಾಂಗ್). ಸಕಾರಕ್ಕೆ ಎಸ್, ಸಿ, ಪಿಎಸ್ (ಸೈಕಾಲಜಿ). ನಮ್ಮ ನಾಲಿಗೆ 'ಎಗ್' ಅನ್ನು 'ಯೆಗ್' ಮಾಡುವುದರಿಂದ ಕೈ ವೈ ಪುಟಕ್ಕೆ ಹೋಗುತ್ತದೆ, ಆ ಪದ ಇರುವುದು ಇ ಅಕ್ಷರದಲ್ಲಿ. 'ವನ್' ಎಂದು ಕೇಳುವ ಪದವಂತೂ ಓ ಅಕ್ಷರದಲ್ಲಿದೆ.