ಮೂರರವರೆಗೆ ಏಣಿ, ನಾಲ್ಕರಿಂದ ಒಂದೇ ಪಾಠ

ಸಕಲೇಶಪುರ, ಮೂಡಿಗೆರೆ ಕಡೆಯ ಸಣ್ಣ ಸರ್ಕಾರಿ ಶಾಲೆಗಳಲ್ಲಿ ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವುದು ಹೊಸದಲ್ಲ. ಒಂದು ಮಗುವಿನ ಮನೆಮಾತು ತುಳು. ಇನ್ನೊಂದು ಕಾಫಿ ಕೊಯ್ಲಿಗೆ ಬಂದ ಅಪ್ಪ ಅಮ್ಮನ ಜತೆ ನಡುವರ್ಷದಲ್ಲಿ ಸೇರಿದ್ದು. ಮತ್ತೊಂದಕ್ಕೆ ಅಂಗನವಾಡಿಯಲ್ಲೇ ಅಕ್ಷರ ಪರಿಚಯವಾಗಿದೆ. ಮೂವರಿಗೂ ಒಂದೇ ಪಾಠ ಹೇಳಿದರೆ ಇಬ್ಬರಿಗಾದರೂ ದಕ್ಕುವುದಿಲ್ಲ. ಹಾಗಾಗಿ ಮಗುವಿನ ಮಟ್ಟಕ್ಕೆ ತಕ್ಕಂತೆ ಕಲಿಸಿ ಎಂದರೆ ಇಲ್ಲಿನ ಶಿಕ್ಷಕರು ಬೇಡ ಎನ್ನುವುದಿಲ್ಲ. ಅದಕ್ಕೆ ಸಮಯ ಎಲ್ಲಿದೆ ಎಂದು ಕೇಳುತ್ತಾರೆ.

ಇದಕ್ಕೆ ನಮ್ಮಲ್ಲೇ ಹಳೆಯ ದಾರಿಯಿದೆ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಕಾರ್ಡು ಪದ್ಧತಿಯಿಂದ ಪ್ರೇರಣೆ ಪಡೆದು, 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿಕಲಿ ಶುರುವಾಯಿತು. ಇದರಲ್ಲಿ ಮಗು ಕಾರ್ಡು ಹಿಡಿದು ತನ್ನ ವೇಗದಲ್ಲಿ ಕಲಿಯುತ್ತದೆ. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ 1, 2ನೇ ತರಗತಿಗೆ ಬಂತು, ಬಳಿಕ 3ನೇ ತರಗತಿಗೂ. ಕಲಿಕೆಯನ್ನು ಮೈಲಿಗಲ್ಲುಗಳಾಗಿ ಒಡೆದು ಕಲಿಕಾ ಏಣಿಯಲ್ಲಿ ಜೋಡಿಸಿದರು. ಅಕ್ಷರಗಳೂ ‘ಅ ಆ ಇ ಈ’ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಅರಸ, ಅಗಸ, ಗರಗಸ, ದಸರ ಎಲ್ಲ ಓದಬಹುದು. ಎರಡು ವಾರ ಮಳೆಗೆ ಶಾಲೆ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯುತ್ತದೆ.

ಕೆಡುವುದು ಗುಂಪಿನಲ್ಲಿ. ನಲಿಕಲಿ ಕೋಣೆಯಲ್ಲಿ ಮಕ್ಕಳು ಕೂರಲು ಶಿಕ್ಷಕರ ಪೂರ್ಣ ಬೆಂಬಲದಿಂದ ಸ್ವಕಲಿಕೆಯವರೆಗೆ ಐದು ಗುಂಪುಗಳಿವೆ. ಶಿಕ್ಷಕರು ಮೊದಲನೆಯದರಲ್ಲಿ ಕೂತರೆ ಮಾತ್ರ ಉಳಿದ ನಾಲ್ಕೂ ನಡೆಯುತ್ತವೆ. ಬಿಸಿಯೂಟದ ಲೆಕ್ಕ, ತುರ್ತು ಮಾಹಿತಿ ಎಂದು ಎದ್ದುಹೋದರೆ ಹೊಸ ಅಕ್ಷರ ಹೇಳಿಕೊಡುವವರೇ ಇಲ್ಲ. ಕಾರ್ಡು ಇಡುವ ತಟ್ಟೆಯಿಂದ ಒಂದು ಕಾರ್ಡು ಕಳೆದರೂ ಮಗು ಆ ಮೆಟ್ಟಿಲು ಹಾರಿ ಹೋಗುತ್ತದೆ.

ನಾಲ್ಕನೇ ತರಗತಿಗೆ ಬಂದರೆ ಏಣಿ ಇಲ್ಲ, ಪಠ್ಯಪುಸ್ತಕ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ನಿಗದಿತ ಸಮಯದಲ್ಲಿ ಪೂರ್ತಿ ಪಠ್ಯ ಮುಗಿಸಿ ಎನ್ನುತ್ತದೆ, ಮಗುವಿನ ಕಲಿಕಾ ಸಾಮರ್ಥ್ಯ ನೋಡಿ ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ಕೊಡಿ ಎಂದೂ ಹೇಳುತ್ತದೆ. 40 ನಿಮಿಷದ ಅವಧಿಯಲ್ಲಿ ಎರಡೂ ಹೇಗೆ? ಕೋವಿಡ್ ನಂತರ 2022-23ರಲ್ಲಿ ಬಂದ ಕಲಿಕಾ ಚೇತರಿಕೆ ಕಾರ್ಯಕ್ರಮದ ಅಭ್ಯಾಸ ಹಾಳೆಗಳು ಒಂದಿಷ್ಟು ಹೆಗಲು ಕೊಟ್ಟವು.

ಹೆಚ್ಚೇನೂ ಬೇಡ, ಅವಧಿಯ ಕೊನೆಯ ಐದು ನಿಮಿಷ ಸಾಕು. ಚೀಟಿಯಲ್ಲಿ ಒಂದೇ ಲೆಕ್ಕ ಕೊಡಿ: 402 − 178. ಸರಿ ಉತ್ತರ 224. 376 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. ಅದಕ್ಕೆ ಕಡ್ಡಿಯ ಕಟ್ಟು ಬೇಕು. ನೂರರ ಕಟ್ಟು ಬಿಚ್ಚಿ ಹತ್ತು ದಶಕ, ಒಂದು ದಶಕ ಬಿಚ್ಚಿ ಹತ್ತು ಬಿಡಿ, ಎಲ್ಲವನ್ನೂ ಅದರ ಕೈಯಿಂದಲೇ ಮಾಡಿಸಬೇಕು. 234 ಬರೆದ ಮಗುವಿಗೆ ವಿಧಾನ ಗೊತ್ತು, ಬಿಡಿಗೆ ಕೊಟ್ಟ ಮೇಲೆ ದಶಕ ಒಂಬತ್ತೇ ಉಳಿಯಿತು ಎಂಬುದನ್ನು ಮರೆತಿದೆ. ಅದಕ್ಕೆ ಎರಡು ನಿಮಿಷದ ಮಾತು ಸಾಲುತ್ತದೆ. ಇಬ್ಬರನ್ನೂ ‘ವ್ಯವಕಲನ ಬಾರದವರು’ ಎಂದು ಒಟ್ಟಿಗೆ ಕೂರಿಸಿದರೆ ಎರಡನೆಯವರಿಗೆ ಬೇಸರ, ಮೊದಲನೆಯವರಿಗೆ ಗಲಿಬಿಲಿ.

ಚೀಟಿಗಳನ್ನು ಮೂರು ಕಟ್ಟು ಮಾಡಿದರೆ ನಾಳಿನ ಗುಂಪು ಸಿದ್ಧ. ಆ ಲೆಕ್ಕ ಮುಗಿದ ದಿನವೇ ಗುಂಪನ್ನೂ ಒಡೆಯಬೇಕು. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಮಕ್ಕಳೇ ಅದಕ್ಕೆ ದಡ್ಡರ ಸಾಲು ಎಂದು ಹೆಸರಿಡುತ್ತಾರೆ. ಆಮೇಲೆ ಅಲ್ಲಿ ಕೂತ ಮಗು ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ.