ಮಳೆಗೆ ಕಾಯುವ ಗೆಡ್ಡೆಗಳು

ಹೂವಿನ ಗೆಡ್ಡೆ ಕೊಳ್ಳುವಾಗ ನಾವು ಮೊದಲು ನೋಡುವುದು ಪೊಟ್ಟಣದ ಮೇಲಿನ ಚಿತ್ರ. ಕೇಳಬೇಕಾದ್ದು ಬೇರೆ: ಈ ಗೆಡ್ಡೆ ಚಿಗುರಲು ಯಾವುದಕ್ಕೆ ಕಾಯುತ್ತದೆ, ಚಳಿಗೋ ಮಳೆಗೋ?

ಟ್ಯುಲಿಪ್ ಚಳಿಗೆ ಕಾಯುವ ಜಾತಿ. ಬೇಸಿಗೆಯಲ್ಲೇ ಅದರ ಗೆಡ್ಡೆಯೊಳಗೆ ಪುಟ್ಟ ಮೊಗ್ಗು ತಯಾರಾಗಿರುತ್ತದೆ. ಆದರೆ ಆಮೇಲೆ ಸುಮಾರು 12ರಿಂದ 16 ವಾರ 9 ಡಿಗ್ರಿಗಿಂತ ಕಡಿಮೆ ತಂಪು ಸಿಗದಿದ್ದರೆ ಹೂವಿನ ದಂಟು ಸರಿಯಾಗಿ ಬೆಳೆಯುವುದಿಲ್ಲ. ಶ್ರೀನಗರದಲ್ಲಿ ಅಷ್ಟು ಚಳಿ ತಾನಾಗಿಯೇ ಇರುತ್ತದೆ. ಬೆಂಗಳೂರಿನ ಜನವರಿ ರಾತ್ರಿಯಲ್ಲೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ಫ್ರಿಜ್‌ನಲ್ಲಿಟ್ಟು ಒಂದು ಸಲ ಅರಳಿಸಬಹುದು, ಆದರೆ ಮರುವರ್ಷ ಅದೇ ಗೆಡ್ಡೆಯಿಂದ ಹೂ ಸಿಗುವುದು ಕಷ್ಟ. ಅದಕ್ಕೆ ದುಡ್ಡು ಹಾಕಿ ಅಂತ ನಾನಂತೂ ಹೇಳುವುದಿಲ್ಲ.

ಒಣಗಾಲದಲ್ಲಿ ಮಲಗಿ, ಮಳೆಗೆ ಏಳುವ ಗೆಡ್ಡೆಗಳೇ ನಮಗೆ ಸರಿ. ಫುಟ್‌ಬಾಲ್ ಲಿಲ್ಲಿ ಅಂಥದ್ದು. ಆಫ್ರಿಕಾ ಮೂಲದ ಇದು ನಮ್ಮಲ್ಲಿ ಏಪ್ರಿಲ್, ಮೇ ಹೊತ್ತಿಗೆ ಬರೀ ನೆಲದಿಂದ ಕೆಂಪು ಚೆಂಡನ್ನು ಎತ್ತುತ್ತದೆ. ಹತ್ತಿರ ಹೋಗಿ ನೋಡಿ, ಅದು ಒಂದು ಹೂವಲ್ಲ, ಹತ್ತಾರು ಸಣ್ಣ ಹೂಗಳ ಗುಂಪು. ಹೂ ಬಾಡಿದ ಮೇಲೆ ಎಲೆಗಳನ್ನು ದಯವಿಟ್ಟು ಕತ್ತರಿಸಬೇಡಿ. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಗೆಡ್ಡೆಗೆ ತುಂಬುವುದು ಅವೇ. ಚಳಿಗಾಲದಲ್ಲಿ ಎಲೆ ತಾನಾಗಿ ಹಳದಿಯಾಗುತ್ತದೆ. ಆಗ ನೀರು ನಿಲ್ಲಿಸಿ. ಸತ್ತೇಹೋಯಿತು ಅಂದುಕೊಂಡು ಎಷ್ಟೋ ಮನೆಗಳಲ್ಲಿ ಕುಂಡದ ಮಣ್ಣನ್ನೇ ಚೆಲ್ಲಿಬಿಡುತ್ತಾರೆ. ಇನ್ನು ಕೆಲವರು ದಿನಾ ನೀರು ಹಾಕಿ ಗೆಡ್ಡೆ ಕೊಳೆಸುತ್ತಾರೆ. ಬರಿದಾದ ಕುಂಡವನ್ನು ಮಳೆ ಬೀಳದ ಕಡೆ ಸುಮ್ನೆ ಬಿಟ್ಟರೆ ಸಾಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಗ್ನಿಶಿಖೆ, ಅಂದರೆ ಗೌರಿ ಹೂ. ಮಳೆಗಾಲದಲ್ಲಿ ಬೇಲಿ, ಪೊದೆಗಳಲ್ಲಿ ಕಾಣುವ ನಮ್ಮದೇ ಬಳ್ಳಿ. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಹಸಿರು ಹಳದಿಯಾಗಿ ಅರಳುವ ಎಸಳುಗಳು ಹಿಂದಕ್ಕೆ ಬಾಗಿ, ದಿನ ಕಳೆದಂತೆ ಕೆಂಪಾಗುತ್ತವೆ. ಇದರ ಗೆಡ್ಡೆಯನ್ನು ಮಾತ್ರ ಜೋಪಾನವಾಗಿ ಹಿಡಿಯಬೇಕು, ಏಕೆಂದರೆ ಚಿಗುರುವ ಮೊಗ್ಗು ಇರುವುದು ತುದಿಯಲ್ಲಿ. ತುದಿ ಮುರಿದರೆ ಉಳಿದ ಭಾಗ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ. ನೀರು ಬಸಿಯುವ ಮಣ್ಣಿನಲ್ಲಿ ಅಡ್ಡ ಮಲಗಿಸಿ ನೆಡಿ.

ಇಡೀ ಗಿಡ ವಿಷ, ಗೆಡ್ಡೆಯಂತೂ ಇನ್ನೂ ಜಾಸ್ತಿ. ಇದರಲ್ಲಿರುವ ಕಾಲ್ಚಿಸಿನ್ ಎಂಬ ವಿಷವಸ್ತು ಜೀವಕೋಶಗಳ ವಿಭಜನೆಯನ್ನೇ ತಡೆಯುತ್ತದೆ. ಅಳೆದು ಕೊಟ್ಟರೆ ಗೌಟ್ ಎಂಬ ಕೀಲುನೋವಿಗೆ ಅದು ಔಷಧಿ. ಗೆಣಸು ಅಂತ ತಿಂದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಚಿಕ್ಕ ಮಕ್ಕಳು, ನಾಯಿ ಬೆಕ್ಕು ಇದ್ದರೆ ಇದನ್ನು ಬೆಳೆಸಬೇಡಿ. ಅಗೆದ ಗೆಡ್ಡೆಯನ್ನು ಅಡುಗೆಮನೆಯಲ್ಲಿ ಇಡಲೇಬೇಡಿ.

ನಿಜಕ್ಕೂ ವಿಚಿತ್ರವಾದ ಹೂ ಬೇಕು ಅನ್ನುವವರಿಗೆ ತರಕಾರಿ ಅಂಗಡಿಯ ಸುವರ್ಣಗೆಡ್ಡೆ ಇದೆ. ಹೂ ಬಿಡುವಷ್ಟು ಬಲಿಯುವ ಮೊದಲೇ ಅದು ಪಲ್ಯವಾಗಿರುತ್ತದೆ, ಹಾಗಾಗಿ ಅದರ ಹೂ ಕಂಡವರು ಕಡಿಮೆ. ಕೆಲವು ವರ್ಷ ಕೀಳದೆ ಬಿಟ್ಟರೆ, ಎಲೆ ಬರುವ ಮೊದಲೇ ಕಂದುಕೆಂಪು ಬಣ್ಣದ ದೊಡ್ಡ ಹೂಗೊಂಚಲು ನೆಲದಿಂದ ಏಳುತ್ತದೆ. ಅರಳಿದಾಗ ಒಳಗಿನ ದಿಂಡು ಬಿಸಿಯಾಗಿ, ಕೊಳೆತ ಮಾಂಸದ ವಾಸನೆಯನ್ನು ಸುತ್ತಲೂ ಹರಡುತ್ತದೆ. ಅದಕ್ಕೆ ನೊಣ, ಜೀರುಂಡೆಗಳು ಬರುತ್ತವೆ, ಪರಾಗವನ್ನು ಸಾಗಿಸುತ್ತವೆ. ಹಿತ್ತಿಲಿನ ದೂರದ ಮೂಲೆಯೇ ಇದಕ್ಕೆ ಸರಿಯಾದ ಜಾಗ.