ಹತ್ತನೇ ಕ್ಲಾಸಿಗೆ ಮೊದಲ ಗಂಟೆ, ಒಂದನೇ ಕ್ಲಾಸಿಗೆ ಕೊನೆಯದು

ಕೊರೊನಾ ಎರಡನೇ ಅಲೆ ಇಳಿದ ಮೇಲೆ ಕರ್ನಾಟಕದ ಶಾಲೆಗಳು ಒಂದೇ ದಿನ ತೆರೆಯಲಿಲ್ಲ. 2021ರ ಆಗಸ್ಟ್ 23ಕ್ಕೆ 9ರಿಂದ 12ನೇ ತರಗತಿಯವರು ಬಂದರು. ಸೆಪ್ಟೆಂಬರ್ 6ಕ್ಕೆ 6ರಿಂದ 8. ಅಕ್ಟೋಬರ್ 25ಕ್ಕೆ 1ರಿಂದ 5. ಎಲ್‌ಕೆಜಿ, ಯುಕೆಜಿ, ಅಂಗನವಾಡಿ ಮಕ್ಕಳು ಬಂದಿದ್ದು ನವೆಂಬರ್ 8ಕ್ಕೆ.

ಬಾಗಿಲು ಹಾಕಿದಾಗ ಸಾಲು ಇದಕ್ಕೆ ಉಲ್ಟಾ ಇತ್ತು. 2020ರ ಮಾರ್ಚ್ ಎರಡನೇ ವಾರ ಬೆಂಗಳೂರಿನಲ್ಲಿ ಮೊದಲ ಕೇಸ್ ಪತ್ತೆಯಾಯಿತು. ಕೂಡಲೇ ನಗರದ ಎಲ್‌ಕೆಜಿ, ಯುಕೆಜಿಗೆ ರಜೆ. ಅದರ ಹಿಂದೆಯೇ ಪ್ರೈಮರಿ ಮಕ್ಕಳಿಗೆ. ಅದೇ ವಾರ ಕಲಬುರಗಿಯ 76 ವರ್ಷದ ವೃದ್ಧರ ಸಾವು ದೇಶದ ಮೊದಲ ಕೊರೊನಾ ಸಾವು ಎಂದು ಗೊತ್ತಾಯಿತು. ಆಮೇಲೆ ಇಡೀ ರಾಜ್ಯವೇ ಬಾಗಿಲು ಹಾಕಿತು. ಮೊದಲು ಮನೆಗೆ ಹೋದವರು ಚಿಕ್ಕವರು, ಕೊನೆಗೆ ವಾಪಸ್ ಬಂದವರೂ ಚಿಕ್ಕವರೇ. ನಡುವೆ ಹತ್ತೊಂಬತ್ತು ತಿಂಗಳು. 2020ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಿದ್ದ ಮಗು ಸರಿಯಾಗಿ ಕ್ಲಾಸ್‌ರೂಮ್ ನೋಡಿದ್ದು ಎರಡನೇ ಕ್ಲಾಸಿನಲ್ಲಿ, ಅದೂ ದೀಪಾವಳಿ ಹತ್ತಿರ ಬಂದಾಗ.

ಯಾಕೆ ಹೀಗಾಯಿತು? ಹೆದರಿಕೆ ಇತ್ತು, ಅದು ಸುಳ್ಳಲ್ಲ. ಐದು ವರ್ಷದ ಮಗುವಿನ ಮುಖದ ಮೇಲೆ ಮಾಸ್ಕ್ ನಿಲ್ಲುತ್ತದೆಯೇ ಎಂಬ ಚಿಂತೆಯೂ ನಿಜ. ಆದರೆ ಆ ಎರಡು ವರ್ಷದ ಆದೇಶಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ನಮ್ಮಲ್ಲಿ ಪ್ರತಿ ಸಲವೂ ಮೊದಲು ಕೇಳಿದ ಪ್ರಶ್ನೆ ‘ಪರೀಕ್ಷೆ ಏನು ಮಾಡೋದು?’ ಎಂಬುದು. ಪರೀಕ್ಷೆ ಇದ್ದವರ ಕಡೆಗೆ ಎಲ್ಲರ ಗಮನ ಹೋಯಿತು. ಒಂದನೇ ಕ್ಲಾಸಿಗೆ ಪರೀಕ್ಷೆ ಎಲ್ಲಿದೆ?

2020ರಲ್ಲಿ 1ರಿಂದ 9ನೇ ಕ್ಲಾಸಿನವರೆಗೆ ವಾರ್ಷಿಕ ಪರೀಕ್ಷೆ ಇಲ್ಲದೆ ಮೇಲಿನ ಕ್ಲಾಸಿಗೆ ಕಳಿಸಿದರು. ಪಿಯುಸಿಯ ಇಂಗ್ಲಿಷ್ ಪತ್ರಿಕೆಯೊಂದು ಉಳಿದುಬಿಟ್ಟಿತ್ತು. ಅದನ್ನು ಜೂನ್ 18ಕ್ಕೆ ನಡೆಸಿದರು. ಆಮೇಲೆ ಎಸ್ಸೆಸ್ಸೆಲ್ಸಿ. ತೆಲಂಗಾಣ, ತಮಿಳುನಾಡು ಹತ್ತನೇ ಕ್ಲಾಸಿನ ಪರೀಕ್ಷೆ ರದ್ದು ಮಾಡಿದ್ದವು. ಕರ್ನಾಟಕ ಮಾಡಲಿಲ್ಲ. ಜೂನ್ 25ರಿಂದ ಸುಮಾರು 8.48 ಲಕ್ಷ ಮಕ್ಕಳಿಗೆ ಪರೀಕ್ಷೆ. ಗೇಟಿನಿಂದ ಒಳಗಿನವರೆಗೆ ನೆಲದ ಮೇಲೆ ಬಿಳಿ ವೃತ್ತಗಳು, ಒಂದೊಂದರಲ್ಲಿ ಒಬ್ಬೊಬ್ಬರು. ಹಣೆಗೆ ಜ್ವರ ನೋಡುವ ಗನ್, ಕೈಗೆ ಸ್ಯಾನಿಟೈಸರ್. ಹೊರಗೆ ಅಪ್ಪ ಅಮ್ಮಂದಿರು ಮಾತ್ರ ಯಾವ ವೃತ್ತಕ್ಕೂ ಸೇರದೆ ಗುಂಪುಗಟ್ಟಿ ನಿಂತಿದ್ದರು! ಕಾಸರಗೋಡು ಕಡೆಯಿಂದ ಬರುವ ಮಕ್ಕಳನ್ನು ತಲಪಾಡಿ ಗಡಿಯಿಂದ ಬಸ್ಸಿನಲ್ಲಿ ಕರೆತಂದು ಬರೆಸಿದರು. ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಊರೂರು ಸುತ್ತಿ ಕೇಂದ್ರಗಳನ್ನು ನೋಡಿದರು. ಕೆಲಸ ಅಚ್ಚುಕಟ್ಟಾಗಿಯೇ ಆಯಿತು, ಅದನ್ನು ಒಪ್ಪಬೇಕು. ಮನಸ್ಸು ಮಾಡಿದರೆ ಇಷ್ಟು ದೊಡ್ಡ ಏರ್ಪಾಡು ನಮ್ಮ ಇಲಾಖೆಯ ಕೈಲಿ ಆಗುತ್ತದೆ ಎಂದು ಆಗಲೇ ಗೊತ್ತಾಗಿತ್ತು ಅಲ್ವಾ?

ಅದೇ ಜೂನ್‌ನಲ್ಲಿ ಚಿಕ್ಕ ಮಕ್ಕಳ ವಿಷಯಕ್ಕೆ ಬೇರೆ ಜಗಳ ನಡೆದಿತ್ತು. ನಗರದ ಖಾಸಗಿ ಶಾಲೆಗಳು ಎಲ್‌ಕೆಜಿ ಮಕ್ಕಳಿಗೂ ಆನ್‌ಲೈನ್ ಕ್ಲಾಸ್ ಶುರು ಮಾಡಿದ್ದವು. ಸರ್ಕಾರ 5ನೇ ಕ್ಲಾಸಿನವರೆಗೆ ಅದು ಬೇಡ ಎಂದಿತು. ಪೋಷಕರು ಹೈಕೋರ್ಟಿಗೆ ಹೋದರು. ಜುಲೈ 8ರಂದು ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಕಲಿಯುವ ಹಕ್ಕನ್ನು ಹೀಗೆ ಕಿತ್ತುಕೊಳ್ಳಲು ಆಗುವುದಿಲ್ಲ ಎಂಬುದು ಅದರ ನಿಲುವು. ಸರಿಯಾದ ಮಾತೇ. ಆದರೆ ಈ ಜಗಳವೆಲ್ಲ ಮೊಬೈಲ್ ಇದ್ದ ಮನೆಗಳದ್ದು. ಒಂದೇ ಮೊಬೈಲ್ ಇರುವ ಮನೆಯಲ್ಲಿ ಅದು ಬೆಳಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ರಾತ್ರಿ ಬಂದಾಗ ಕರೆನ್ಸಿ ಇರುವುದಿಲ್ಲ. ಅಣ್ಣನಿಗೆ ಹತ್ತನೇ ಕ್ಲಾಸ್ ಇದ್ದರೆ ಉಳಿದ ಡೇಟಾ ಅವನಿಗೇ. ಸಾಲಿನಲ್ಲಿ ಚಿಕ್ಕವರು ಕೊನೆ ಎಂಬ ನಿಯಮ ಮನೆಯೊಳಗೂ ಇತ್ತು.

ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಶುರುವಾಯಿತು. ಯಾರಿಗೆ ಮೊದಲು? ಬೇರೆ ಹೇಳಬೇಕಿಲ್ಲ, 8ರಿಂದ 10ನೇ ಕ್ಲಾಸಿನವರಿಗೆ. ಗದಗ ಜಿಲ್ಲೆಯ ತಾಯಿಯೊಬ್ಬರು ಮಕ್ಕಳು ಈ ಪಾಠ ನೋಡಲಿ ಎಂದು ತಾಳಿ ಅಡವಿಟ್ಟು ಟಿವಿ ತಂದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮರುವರ್ಷ ಸುಳ್ಯದ ಕಡೆಯಿಂದ ಒಂದು ಫೋಟೊ ಬಂತು. ಮಳೆಯಲ್ಲಿ ರಸ್ತೆ ಬದಿ ಕೂತು ಹುಡುಗಿ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಎರಡನ್ನೂ ನಾವು ‘ಎಂಥ ಛಲ’ ಎಂದು ಹೊಗಳಿ ಹಂಚಿಕೊಂಡೆವು. ಹೊಗಳುವುದಕ್ಕಿಂತ ನಾಚಿಕೆಪಡುವ ವಿಷಯ ಜಾಸ್ತಿ ಇತ್ತು.

ನಡುವೆ ಒಂದು ಒಳ್ಳೆಯ ಕೆಲಸ ಆಗಿತ್ತು. ಅದರ ಹೆಸರು ವಿದ್ಯಾಗಮ. 2020ರ ಆಗಸ್ಟ್‌ನಲ್ಲಿ ಶುರು. ಮಕ್ಕಳು ಶಾಲೆಗೆ ಬರಬಾರದು ತಾನೇ, ಹಾಗಾದರೆ ಮೇಷ್ಟ್ರೇ ಮಕ್ಕಳ ಹತ್ತಿರ ಹೋಗಲಿ ಎಂಬುದು ಲೆಕ್ಕಾಚಾರ. ಇಂಟರ್‌ನೆಟ್ ಇರುವ ಮೊಬೈಲ್ ಇದ್ದವರು, ಬರೀ ಮಾತಾಡುವ ಫೋನ್ ಇದ್ದವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿದರು. ಒಬ್ಬೊಬ್ಬ ಮೇಷ್ಟ್ರಿಗೆ ಇಪ್ಪತ್ತು–ಇಪ್ಪತ್ತೈದು ಮಕ್ಕಳ ಹೊಣೆ. ಗುಡಿಯ ಪೌಳಿ, ಅರಳಿಕಟ್ಟೆ, ಯಾರದೋ ಮನೆ ಜಗಲಿ, ಸಮುದಾಯ ಭವನ, ಎಲ್ಲ ಕಡೆ ವಠಾರ ಶಾಲೆ. ಗೋಡೆಗೆ ಒರಗಿಸಿದ ಒಂದು ಹಲಗೆ, ದೂರದೂರ ಕೂತ ಮಕ್ಕಳು, ಆಚೆ ಕಟ್ಟಿದ ಎಮ್ಮೆ. ಹಿಂದೆ ಪ್ಲೇಗ್ ಬಂದಾಗ ನಮ್ಮ ಊರುಗಳೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದವು. ರೋಗಕ್ಕೆ ಹೆದರಿ ಬಯಲಿಗೆ ಬರುವುದು ನಮಗೆ ಹೊಸದೇನಲ್ಲ. ಮೊಬೈಲ್ ಇಲ್ಲದ ಮಗುವನ್ನು ಮುಂದಿಟ್ಟುಕೊಂಡು ಯೋಚಿಸಿದ ಯೋಜನೆ ಇದೊಂದೇ ಎಂದು ನನ್ನ ಅನಿಸಿಕೆ.

ಅದು ಎರಡು ತಿಂಗಳು ನಡೆಯಿತು. ಶಿಕ್ಷಕರಿಗೆ, ಕೆಲವು ಮಕ್ಕಳಿಗೆ ಸೋಂಕು ತಗುಲಿತು. ಶಿಕ್ಷಕರು ತೀರಿಕೊಂಡ ಸುದ್ದಿಗಳೂ ಬಂದವು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯಾಗಮವನ್ನು ನಿಲ್ಲಿಸಿತು. ಆ ಭಯದ ನಡುವೆ ನಿಲ್ಲಿಸಬಾರದಿತ್ತು ಎಂದು ಈಗ ಕೂತು ಹೇಳುವುದು ಸುಲಭ. 2021ರ ಜನವರಿ 1ಕ್ಕೆ ಹತ್ತನೇ ಕ್ಲಾಸಿಗೂ ದ್ವಿತೀಯ ಪಿಯುಸಿಗೂ ಪೂರ್ತಿ ತರಗತಿ ಶುರುವಾಯಿತು. 6ರಿಂದ 9ನೇ ಕ್ಲಾಸಿನವರಿಗೆ ಶಾಲೆಯ ಆವರಣದಲ್ಲೇ ವಿದ್ಯಾಗಮ ಬಂತು. ಐದನೇ ಕ್ಲಾಸಿನವರೆಗಿನವರು ಆಗಲೂ ಹೊರಗೇ. ಬಿಸಿಯೂಟದ ಬದಲು ಅಕ್ಕಿ, ಬೇಳೆ ಮನೆಗೆ ಹೋಯಿತು. ಅದು ಮನೆಮಂದಿಯೆಲ್ಲ ಉಣ್ಣುವ ಪಾತ್ರೆಗೆ ಬಿತ್ತು.

ಇನ್ನು ಒಂದನೇ ಕ್ಲಾಸಿನ ಮಗು ಏನು ಕಳೆದುಕೊಂಡಿತು ಎಂದು ತಿಳಿಯಬೇಕಾದರೆ ಒಮ್ಮೆ ನಲಿ-ಕಲಿ ಕೋಣೆಯೊಳಗೆ ಹೋಗಬೇಕು. 1995ರಲ್ಲಿ ಹೆಗ್ಗಡದೇವನ ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು ಕಟ್ಟಿದ ಪದ್ಧತಿ ಅದು. ಕೊರೊನಾ ಬರುವ ಹೊತ್ತಿಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊದಲ ಮೂರು ತರಗತಿಯವರು ಕಲಿಯುತ್ತಿದ್ದುದು ಹೀಗೆಯೇ. ಮೂರೂ ಕ್ಲಾಸಿನವರು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ. ಗುಂಪಿಗೆ ‘ತಟ್ಟೆ’ ಎಂದು ಹೆಸರು. ಒಂದು ತಟ್ಟೆಗೆ ಮೇಡಂ ಪೂರ್ತಿ ಹೇಳಿಕೊಡುತ್ತಾರೆ, ಇನ್ನೊಂದರಲ್ಲಿ ಜೊತೆಯವರೇ ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ. ಗೋಡೆಯ ಮೇಲೆ ಕಲಿಕೆಯ ಏಣಿ. ತನ್ನ ಮೆಟ್ಟಿಲು ಯಾವುದೆಂದು ನೋಡಿಕೊಂಡು ಮಗು ಅದರ ಕಾರ್ಡ್ ಹುಡುಕಿ ತರುತ್ತದೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆ ಎಟುಕುವ ಕಪ್ಪುಹಲಗೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಮಾಡಿದ ಚಿತ್ರಗಳು ತೂಗುತ್ತಿರುತ್ತವೆ. ಎರಡನೇ ಕ್ಲಾಸಿನ ಅಕ್ಕ ಒಂದನೇ ಕ್ಲಾಸಿನವನ ಬೆರಳು ಹಿಡಿದು ‘ರ’ ತಿದ್ದಿಸುತ್ತಾಳೆ. ಇದನ್ನು ವಾಟ್ಸ್ಆ್ಯಪ್‌ನಲ್ಲಿ ಹೇಗೆ ಕಳಿಸುವುದು? ಹತ್ತನೇ ಕ್ಲಾಸಿನವನು ಪಠ್ಯಪುಸ್ತಕ ಹಿಡಿದು ಹೇಗೋ ಓದಿಕೊಂಡಾನು. ಓದುವುದನ್ನೇ ಕಲಿಯದವರಿಗೆ ಆ ದಾರಿಯೂ ಇಲ್ಲ.

ಅಂಕಿಗಳೂ ಇದನ್ನೇ ಹೇಳಿದವು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಫೆಬ್ರುವರಿಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಕರ್ನಾಟಕ ಸೇರಿ ಐದು ರಾಜ್ಯಗಳ 16,067 ಮಕ್ಕಳಲ್ಲಿ ಶೇ 92ರಷ್ಟು ಮಕ್ಕಳು ಹಿಂದೆ ಬರುತ್ತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಮರೆತಿದ್ದರು. ಗಣಿತದಲ್ಲಿ ಶೇ 82. ಅದೇ ವರ್ಷ, ಹಳ್ಳಿ ಮಕ್ಕಳ ಓದು–ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯವರು ಕರ್ನಾಟಕದ ಹಳ್ಳಿಗಳಿಗೆ ಹೋದರು. ಎರಡನೇ ಕ್ಲಾಸಿನ ಪಾಠ ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು 2018ರಲ್ಲಿ ಶೇ 19.2 ಇದ್ದರು. 2021ರಲ್ಲಿ ಶೇ 9.8. ಅರ್ಧಕ್ಕರ್ಧ! ಆದರೆ ಮೊದಲ ಅಂಕಿಯನ್ನೂ ಸ್ವಲ್ಪ ನೋಡಿ. ಕೊರೊನಾ ಬರುವ ಮೊದಲೇ ಐವರಲ್ಲಿ ನಾಲ್ವರಿಗೆ ಆ ಪಾಠ ಓದಲು ಬರುತ್ತಿರಲಿಲ್ಲ. ಸೋರುವ ಮಾಡಿನ ಮೇಲೆ ದೊಡ್ಡ ಮಳೆ ಬಂದಿತ್ತು ಅಷ್ಟೇ.

2021ರ ಎಸ್ಸೆಸ್ಸೆಲ್ಸಿ ಕಥೆ ಇನ್ನೂ ಸೋಜಿಗ. ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಮೊದಲೇ ಹೇಳಿ, ಆಮೇಲೆ ಪರೀಕ್ಷೆ ನಡೆಸಿದರು. ಆರು ವಿಷಯ ಎರಡೇ ದಿನದಲ್ಲಿ, ಸರಿ ಉತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳು. ಜುಲೈ 19ಕ್ಕೆ ಒಂದು, 22ಕ್ಕೆ ಇನ್ನೊಂದು. ಫಲಿತಾಂಶ ಶೇ 99.9. ಫೇಲ್ ಆದದ್ದು ಒಬ್ಬರೇ, ಅವರ ಬದಲು ಬೇರೆಯವರು ಬಂದು ಬರೆದಿದ್ದರು!

ಆ ಎರಡು ದಿನಗಳ ನಡುವೆ, ಜುಲೈ 20ರಂದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಆಗಿನ ಮುಖ್ಯಸ್ಥ ಬಲರಾಮ್ ಭಾರ್ಗವ ದೆಹಲಿಯಲ್ಲಿ ಒಂದು ಮಾತು ಹೇಳಿದರು. ಶಾಲೆ ತೆರೆಯುವುದಾದರೆ ಮೊದಲು ಪ್ರೈಮರಿ ತೆರೆಯುವುದು ಜಾಣತನ. ವೈರಸ್ ಅಂಟಿಕೊಳ್ಳುವ ಗ್ರಾಹಕಗಳು ಚಿಕ್ಕ ಮಕ್ಕಳಲ್ಲಿ ಕಡಿಮೆ, ಸೋಂಕನ್ನು ಅವರು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ ಎಂಬುದು ಅವರ ಕಾರಣ. ಮೂರು ತಿಂಗಳ ಮೇಲೆ ನಮ್ಮ ಪ್ರೈಮರಿ ಬಾಗಿಲು ತೆರೆಯಿತು, ಅದೂ ದೊಡ್ಡವರೆಲ್ಲ ಒಳಗೆ ಹೋದ ಮೇಲೆ. ಓಮೈಕ್ರಾನ್ ಬಂದಾಗ ಬೆಂಗಳೂರಿನಲ್ಲಿ 2022ರ ಜನವರಿ ಮೊದಲ ವಾರದಿಂದ ತಿಂಗಳ ಕೊನೆಯವರೆಗೆ ಶಾಲೆ ಮತ್ತೆ ಮುಚ್ಚಿತು. ಆಗಲೂ ಮನೆಗೆ ಹೋದವರು 9ನೇ ಕ್ಲಾಸಿನವರೆಗಿನವರು. ಹತ್ತನೇ ಕ್ಲಾಸ್ ನಡೆಯುತ್ತಲೇ ಇತ್ತು.

ಕಳೆದದ್ದನ್ನು ತುಂಬಲು 2022–23ನ್ನು ‘ಕಲಿಕಾ ಚೇತರಿಕೆ’ ವರ್ಷ ಎಂದು ಕರೆದರು. ಶಾಲೆ ಹದಿನೈದು ದಿನ ಮೊದಲೇ, ಮೇ 16ಕ್ಕೆ ಶುರುವಾಯಿತು. ಹಿಂದಿನ ತರಗತಿಗಳ ಪಾಠವನ್ನೂ ಸೇರಿಸಿ ಕಲಿಕಾ ಹಾಳೆಗಳು ಬಂದವು. ಅದು ಸರಿಯಾದ ದಾರಿಯೇ. ಆದರೆ ವರ್ಷ ಮುಗಿಯುವ ಹೊತ್ತಿಗೆ ನಮ್ಮ ಹಳೇ ಅಭ್ಯಾಸ ಮತ್ತೆ ಎದ್ದಿತು. ಮಕ್ಕಳು ಎಷ್ಟು ಹಿಂದೆ ಉಳಿದಿದ್ದಾರೆ ಎಂದು ತಿಳಿಯಬೇಕು, ಅದಕ್ಕೆ 5 ಮತ್ತು 8ನೇ ಕ್ಲಾಸಿಗೆ ರಾಜ್ಯಮಟ್ಟದ ಪರೀಕ್ಷೆ ಎಂದರು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. ಒಂದು ಪೀಠ ಬೇಡ ಎಂದಿತು, ಇನ್ನೊಂದು ನಡೆಸಿ ಎಂದಿತು. 2023ರ ಮಾರ್ಚ್ 27ಕ್ಕೆ ಶುರುವಾದ ಆ ಪರೀಕ್ಷೆಗೆ ಕೂತ ಐದನೇ ಕ್ಲಾಸಿನ ಮಕ್ಕಳು ತಮ್ಮ ಮೂರನೇ ಕ್ಲಾಸನ್ನು ಶಾಲೆಯಲ್ಲಿ ಕಂಡವರೇ ಅಲ್ಲ. ಮರುವರ್ಷ 9 ಮತ್ತು 11ನೇ ತರಗತಿಯನ್ನೂ ಸೇರಿಸಿದರು. ಆ ಜಗಳ ಸುಪ್ರೀಂ ಕೋರ್ಟ್ ಮುಟ್ಟಿತು, ಫಲಿತಾಂಶಕ್ಕೆ ತಡೆ ಬಿತ್ತು.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ ಶೇ 66.14. ಎಲ್ಲದಕ್ಕೂ ಕೊರೊನಾವನ್ನೇ ದೂರಬೇಕಿಲ್ಲ. ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂದದ್ದೂ ಒಂದು ಕಾರಣ, ನಕಲು ಕಡಿಮೆಯಾಯಿತು. ಆ ವರ್ಷ ಬರೆದವರು 2020ರ ಮಾರ್ಚ್ ಹೊತ್ತಿಗೆ ಐದನೇ ಕ್ಲಾಸಿನಲ್ಲಿದ್ದವರು, ಅಂದರೆ ಅಷ್ಟುಹೊತ್ತಿಗೆ ಓದಲು ಕಲಿತಿರಬೇಕಾದವರು. 2020ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಹೆಸರು ಬರೆಸಿದವರು ಅದೇ ಪರೀಕ್ಷೆಗೆ ಕೂರುವುದು 2030ರಲ್ಲಿ.